ಈ ಕಿಡಿ ಯಾರದು?

ಐಚ್ಛಿಕ ಕನ್ನಡ ಓದುವ ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಒಂದು ಸಣ್ಣ ಕೆಲಸ ಕೊಡುತ್ತೇನೆ. ಒಂದೇ ಒಂದು ಪದವನ್ನು ಹಿಡಿದುಕೊಂಡು, ಒಂದು ತಿಂಗಳು ದಿನಪತ್ರಿಕೆಗಳಲ್ಲಿ ಅದು ಎಲ್ಲೆಲ್ಲಿ ಕಾಣಿಸುತ್ತದೋ ಅದನ್ನೆಲ್ಲ ಕತ್ತರಿಸಿ ತರಬೇಕು. ತಿಂಗಳ ಕೊನೆಗೆ ಎಲ್ಲವನ್ನೂ ಮೇಜಿನ ಮೇಲೆ ಹರವಿಕೊಂಡು, ಈ ಪದ ಈಗ ನಮ್ಮ ನಡುವೆ ಏನು ಕೆಲಸ ಮಾಡುತ್ತಿದೆ ಎಂದು ಮಾತಾಡುತ್ತೇವೆ. ಹಿಂದೆ ‘ಬಲಿ’, ‘ಹಬ್ಬ’, ‘ಪರ್ವ’ ಎಲ್ಲ ಆಗಿದ್ದವು. ಈ ಸಲ ಬೇಸಿಗೆ ಶುರುವಾಗಿತ್ತೆಂದೋ ಏನೋ, ‘ಕಿಡಿ’ ಆರಿಸಿಕೊಂಡೆವು.

ತುಣುಕುಗಳನ್ನು ಎರಡು ರಾಶಿ ಮಾಡಲು ಹೇಳಿದೆ. ನಿಜವಾದ ಕಿಡಿ ಒಂದು ಕಡೆ, ಮಾತಿನ ಕಿಡಿ ಇನ್ನೊಂದು ಕಡೆ. ಮಾತಿನ ಕಿಡಿಯ ರಾಶಿ ಬೇಗ ಎತ್ತರವಾಯಿತು. ಬಜೆಟ್ ವಿರುದ್ಧ ಕಿಡಿ, ದರ ಏರಿಕೆ ವಿರುದ್ಧ ಕಿಡಿ, ಅಧಿಕಾರಿಗಳ ವಿರುದ್ಧ ಶಾಸಕರ ಕಿಡಿ, ಹೈಕಮಾಂಡ್ ವಿರುದ್ಧ ಟಿಕೆಟ್ ವಂಚಿತರ ಕಿಡಿ. ಇನ್ನೊಂದು ಕಡೆ ಇದ್ದವು ಒಳಪುಟದ ಸಣ್ಣ ಸಣ್ಣ ತುಣುಕುಗಳು. ವಿದ್ಯುತ್ ತಂತಿಯ ಕಿಡಿ ತಗುಲಿ ಕಬ್ಬಿನ ಗದ್ದೆ ನಾಶ, ಒಲೆಯ ಕಿಡಿ ಹಾರಿ ಗುಡಿಸಲು ಭಸ್ಮ, ವೆಲ್ಡಿಂಗ್ ಕಿಡಿ ಬಿದ್ದು ಗುಜರಿ ಗೋದಾಮಿಗೆ ಬೆಂಕಿ. ಒಂದೊಂದೂ ನಾಲ್ಕೈದು ಸಾಲು. ಅಂಟು ಹಚ್ಚಲು ಕೈಗೆ ಸಿಗದಷ್ಟು ಚಿಕ್ಕವು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎರಡೂ ರಾಶಿಯನ್ನು ಹೊತ್ತು ಹಾಕಿ ನೋಡಿ ಕೇಳಿದಳು: “ಸರ್, ಆ ಕಡೆ ಇರೋದಕ್ಕೆಲ್ಲ ಯಾರ ಕಿಡಿ ಅಂತ ಹಾಕಿದಾರೆ. ಈ ಕಡೆ ಇರೋದು ಯಾರದು?”

ನಾನು ಆ ದಿನ ಪಾಠ ಮುಂದುವರಿಸಲಿಲ್ಲ. ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಇದರಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಸೇರಿಕೊಂಡಿದೆ. ಮೇಷ್ಟ್ರಾಗುವ ಮೊದಲು ಕೆಲವು ವರ್ಷ ನಾನು ಒಂದು ದಿನಪತ್ರಿಕೆಯ ಜಿಲ್ಲಾ ಪುಟಗಳ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದೆ. ಆ ಎತ್ತರದ ರಾಶಿಗೂ ಈ ಚಿಕ್ಕ ರಾಶಿಗೂ ನಾನೂ ಕೈಲಾದಷ್ಟು ಸೇರಿಸಿದ್ದೇನೆ.

ಮೊದಲು ಎತ್ತರದ ರಾಶಿಯ ವಿಷಯ. ಶೀರ್ಷಿಕೆ ಬರೆಯುವವರಿಗೆ ‘ಕಿಡಿ’ಯ ಮೇಲೆ ಇಷ್ಟು ಪ್ರೀತಿ ಯಾಕೆ ಎಂದು ಕೇಳಿದರೆ ಭಾಷಾಶಾಸ್ತ್ರದ ಉತ್ತರಕ್ಕಿಂತ ಮುಂಚೆ ಜಾಗದ ಉತ್ತರ ಬರುತ್ತದೆ. ಅದು ಎರಡೇ ಅಕ್ಷರ. ಒತ್ತಕ್ಷರವಿಲ್ಲ, ಕೆಳಗೆ ಇಳಿಯುವ ಕೊಂಬಿಲ್ಲ. ಎರಡು ಕಾಲಂ ಅಗಲದಲ್ಲಿ ನಾಯಕರ ಹೆಸರು, ಊರಿನ ಹೆಸರು, ವಿಷಯ ಇಷ್ಟನ್ನೂ ಹಿಡಿಸಿದ ಮೇಲೆ ಕೊನೆಗೆ ಉಳಿಯುವುದು ಎರಡಕ್ಷರದ ಜಾಗ. ‘ಖಂಡನೆ’ ಎಂದರೆ ಸಾಲು ಮುರಿಯುತ್ತದೆ, ‘ಆಕ್ಷೇಪ’ ಎಂದರೆ ಸಪ್ಪೆ, ‘ಅಸಮಾಧಾನ’ ಎಂದರೆ ಇಡೀ ಸಾಲನ್ನೇ ತಿಂದುಹಾಕುತ್ತದೆ. ‘ಕಿಡಿ’ ಕೂತುಬಿಡುತ್ತದೆ. ರಾತ್ರಿ ಹತ್ತೂವರೆಗೆ ಪುಟ ಬಿಡಬೇಕಾದಾಗ ಪದದ ಅರ್ಥಕ್ಕಿಂತ ಅಗಲ ಮುಖ್ಯವಾಗುತ್ತದೆ ಎಂಬುದನ್ನು ಡೆಸ್ಕಿನಲ್ಲಿ ಕೂತ ಯಾರೂ ಅಲ್ಲಗಳೆಯಲಾರರು.

ಜಾಗದ ಜೊತೆಗೆ ಉಷ್ಣಾಂಶದ ಲೆಕ್ಕವೂ ಇತ್ತು. ಯಾರೂ ಬರೆದಿಡದ ಒಂದು ಏಣಿ ಡೆಸ್ಕಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮೆತ್ತಗೆ ಹೇಳಿದರೆ ‘ಬೇಸರ’, ಸ್ವಲ್ಪ ದನಿ ಎತ್ತಿದರೆ ‘ಗರಂ’, ಮೈಕಿನ ಮುಂದೆ ಹೇಳಿದರೆ ‘ಕಿಡಿ’, ಮೈಕನ್ನು ತಳ್ಳಿ ಹೇಳಿದರೆ ‘ಕೆಂಡಾಮಂಡಲ’. ಇಬ್ಬರು ಒಬ್ಬರ ಮೇಲೊಬ್ಬರು ಹೇಳಿದರೆ ‘ವಾಕ್ಸಮರ’. ಪಕ್ಷದೊಳಗೇ ನಡೆದರೆ ‘ಭುಗಿಲೆದ್ದ ಭಿನ್ನಮತ’. ಆ ಭಿನ್ನಮತ ಎರಡು ದಿನ ಬಿಟ್ಟು ‘ಶಮನ’ವಾಗುತ್ತಿತ್ತು, ಇಲ್ಲದಿದ್ದರೆ ‘ಬೂದಿ ಮುಚ್ಚಿದ ಕೆಂಡ’ವಾಗಿ ಮುಂದಿನ ವಾರದ ಸುದ್ದಿಗೆ ಉಳಿಯುತ್ತಿತ್ತು. ಇಡೀ ರಾಜಕೀಯ ಪುಟವನ್ನು ಒಂದು ಒಲೆಯ ಹಾಗೆ ನಡೆಸಬಹುದಾಗಿತ್ತು.

ಈ ರೂಪಕದಲ್ಲಿ ತಪ್ಪೇನೂ ಇಲ್ಲ. ಸಿಟ್ಟಿಗೂ ಬೆಂಕಿಗೂ ಕನ್ನಡದಲ್ಲಿ ಹಳೆಯ ನೆಂಟಸ್ತಿಕೆ. ಮುಕ್ಕಣ್ಣನಿಗೆ ಕಿಡಿಗಣ್ಣ ಎಂದು ಹೆಸರಿಟ್ಟವರು ನಮ್ಮ ಕವಿಗಳು. ಮನೆಯಲ್ಲಿ ‘ಅವನು ಕಿಡಿಕಿಡಿಯಾದ’ ಎಂದರೆ ಮುಖ ಕೆಂಪಾದದ್ದು, ಮಾತು ಸಿಡಿದದ್ದು ಎಲ್ಲ ಒಟ್ಟಿಗೆ ಕಾಣುತ್ತದೆ. ‘ಕಿಡಿ ಕಾರು’ ಎಂಬ ಕ್ರಿಯಾಪದ ಇನ್ನೂ ಗಟ್ಟಿ. ಕಾರುವುದೆಂದರೆ ಒಳಗಿನದನ್ನು ತಡೆಯಲಾರದೆ ಹೊರಹಾಕುವುದು. ಹಾವು ವಿಷ ಕಾರುತ್ತದೆ, ಎಳೆಮಗು ಕುಡಿದ ಹಾಲು ಕಾರುತ್ತದೆ. ಒಬ್ಬ ಮನುಷ್ಯ ಕಿಡಿ ಕಾರಿದ ಎಂದರೆ ಅವನ ಒಡಲೊಳಗೆ ಏನೋ ಬೆಂದಿದೆ ಎಂದು ಅರ್ಥ. ಶೀರ್ಷಿಕೆಗೆ ಬರುವ ಹೊತ್ತಿಗೆ ಕ್ರಿಯಾಪದ ಉದುರಿತು, ಬರಿಯ ‘ಕಿಡಿ’ ಉಳಿಯಿತು. ಒಡಲೂ ಹೋಯಿತು, ಬೇಗೆಯೂ ಹೋಯಿತು. ಅಚ್ಚುಕಟ್ಟಾಗಿ ಪತ್ರಿಕಾಗೋಷ್ಠಿ ಕರೆದು, ಚಹಾ ಬಿಸ್ಕತ್ತು ಕೊಟ್ಟು, ಬರೆದು ತಂದ ಹೇಳಿಕೆಯನ್ನು ಕನ್ನಡಕ ಹಾಕಿಕೊಂಡು ಓದಿದವರೂ ಮರುದಿನ ಕಿಡಿಯಾಗಿಯೇ ಬರುತ್ತಾರೆ.

ನನಗೆ ಹೆಚ್ಚು ತೊಂದರೆಯೆನಿಸುವುದು ಇನ್ನೊಂದು. ಕಿಡಿ ಬಂದ ಕಡೆ ಮಾತು ಇರುವುದಿಲ್ಲ. ವಿದ್ಯಾರ್ಥಿಗಳು ತಂದ ತುಣುಕುಗಳಲ್ಲಿ ಶೀರ್ಷಿಕೆ ಮಾತ್ರ ಓದಿ, ಆ ನಾಯಕರು ಏನು ಹೇಳಿದರು ಎಂದು ಊಹಿಸಿ ಎಂದೆ. ಯಾರಿಂದಲೂ ಆಗಲಿಲ್ಲ. ಯಾರ ಮೇಲೆ ಸಿಟ್ಟು ಎಂದು ಗೊತ್ತಾಗುತ್ತದೆ, ಯಾಕೆ ಎಂದು ಗೊತ್ತಾಗುವುದಿಲ್ಲ. ಒಂದು ವರದಿಯಲ್ಲಿ ವಿರೋಧ ಪಕ್ಷದ ಸದಸ್ಯರೊಬ್ಬರು ಕುಡಿಯುವ ನೀರಿನ ಕಾಮಗಾರಿಯ ಬಗ್ಗೆ ಒಳ್ಳೆಯ ಪ್ರಶ್ನೆ ಎತ್ತಿದ್ದರು. ಪೈಪು ಹಾಕಿದ್ದೀರಿ, ಟ್ಯಾಂಕಿಗೆ ನೀರು ಎಲ್ಲಿಂದ ತರುತ್ತೀರಿ ಎಂಬ ಪ್ರಶ್ನೆ. ಉತ್ತರ ಕೊಡಬೇಕಾದ ಪ್ರಶ್ನೆ. ಶೀರ್ಷಿಕೆಯಲ್ಲಿ ಅದು ಕಿಡಿಯಾಯಿತು. ಕಿಡಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ, ಪ್ರತಿಕಿಡಿ ಹಾರಿಸಿದರೆ ಸಾಕು. ಮರುದಿನ ಅದೇ ಆಯಿತು. ನೀರಿನ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಉಳಿಯಿತು.

ಪತ್ರಿಕೆಯವರಿಗೆ ಈ ಪದದ ಮೇಲಿರುವ ಮೋಹಕ್ಕೆ ಇತಿಹಾಸವೂ ಇದೆ. ಕಿಡಿ ಎಂಬುದು ಪತ್ರಿಕೆಗಳು ತಮಗೆ ತಾವೇ ಇಟ್ಟುಕೊಂಡ ಹೆಸರು ಕೂಡ. ಲೆನಿನ್ ಮತ್ತು ಸಂಗಡಿಗರು 1900ರ ಡಿಸೆಂಬರಿನಲ್ಲಿ ಹೊರತಂದ ‘ಇಸ್ಕ್ರಾ’ ಎಂದರೆ ರಷ್ಯನ್ ಭಾಷೆಯಲ್ಲಿ ಕಿಡಿಯೇ. ಬೆಂಗಳೂರಿನಲ್ಲಿ ಶೇಷಪ್ಪನವರ ‘ಕಿಡಿ’ ಪತ್ರಿಕೆ ಎಷ್ಟು ಹೆಸರಾಯಿತೆಂದರೆ ಅವರು ಕಿಡಿ ಶೇಷಪ್ಪ ಎಂದೇ ಕರೆಸಿಕೊಂಡರು. ಈಚಿನ ದಶಕಗಳಲ್ಲಿ ‘ಅಗ್ನಿ’ ವಾರಪತ್ರಿಕೆಯ ಶ್ರೀಧರ್ ಅವರಿಗೂ ಹಾಗೆಯೇ ಪತ್ರಿಕೆಯ ಹೆಸರು ಮುಂದೆ ಸೇರಿಕೊಂಡಿತು. ಬರಹವೆಂದರೆ ಕಿಡಿ, ಅದು ಎಲ್ಲೋ ಬಿದ್ದು ಏನನ್ನೋ ಹೊತ್ತಿಸುತ್ತದೆ ಎಂಬ ನಂಬಿಕೆ ಈ ಹೆಸರುಗಳ ಹಿಂದಿದೆ. ಅಲ್ಲಿ ಕಿಡಿಯ ಹೊಣೆಯನ್ನು ಸಂಪಾದಕನೇ ಹೊತ್ತಿದ್ದಾನೆ, ಮೊಕದ್ದಮೆ ಬಿದ್ದರೆ ಅವನ ಮೇಲೆಯೇ ಬೀಳುತ್ತದೆ. ಈಗಿನ ದಿನಪತ್ರಿಕೆಯ ಶೀರ್ಷಿಕೆಯಲ್ಲಿರುವ ಕಿಡಿ ಅಂಥದ್ದಲ್ಲ. ಅದನ್ನು ಹಾರಿಸಿದವರಿಗೂ ಅಚ್ಚು ಹಾಕಿದವರಿಗೂ ಏನೂ ಸುಡುವುದಿಲ್ಲ.

ಈಗ ಚಿಕ್ಕ ರಾಶಿಗೆ ಬರುತ್ತೇನೆ. ಇಲ್ಲಿ ಏನಾದರೂ ಸುಟ್ಟೇ ಇದೆ. ಕಬ್ಬು, ತೆಂಗಿನ ತೋಟ, ದನದ ಕೊಟ್ಟಿಗೆ, ಅಂಗಡಿ, ಒಮ್ಮೊಮ್ಮೆ ಮನುಷ್ಯರು. ಈ ಸುದ್ದಿಗಳ ವ್ಯಾಕರಣವನ್ನು ಸ್ವಲ್ಪ ನೋಡಿ.

ಕನ್ನಡದಲ್ಲಿ ಬೆಂಕಿಗೆ ಜೋಡಿ ಕ್ರಿಯಾಪದಗಳಿವೆ. ಹತ್ತು–ಹಚ್ಚು, ಹೊತ್ತು–ಹೊತ್ತಿಸು, ಉರಿ–ಉರಿಸು. ‘ಹಚ್ಚಿದ’ ಎಂದರೆ ಹಚ್ಚಿದವನೊಬ್ಬ ಇರಲೇಬೇಕು, ‘ಹತ್ತಿತು’ ಎಂದರೆ ಬೇಕಾಗಿಲ್ಲ. ಇವೆರಡರ ಜೊತೆಗೆ ಮೂರನೆಯದೊಂದಿದೆ: ‘ಹೊತ್ತಿಕೊಂಡಿತು’. ಈ ‘ಕೊಳ್ಳು’ ಸೇರಿದೊಡನೆ ಬೆಂಕಿಗೆ ತಾನೇ ತನಗಾಗಿ ಏನೋ ಮಾಡಿಕೊಂಡ ಭಾವ ಬರುತ್ತದೆ. ಮಗು ಹಾಲು ಚೆಲ್ಲಿಕೊಂಡಿತು, ಹುಡುಗ ಕಾಲು ಮುರಿದುಕೊಂಡ, ಗೋದಾಮು ಬೆಂಕಿ ಹೊತ್ತಿಕೊಂಡಿತು. ಚಿಕ್ಕ ರಾಶಿಯ ಸುದ್ದಿಗಳೆಲ್ಲ ಬಹುಪಾಲು ಈ ಮೂರನೆಯ ಕ್ರಿಯಾಪದದಲ್ಲಿ ಇವೆ.

ಕಿಡಿಯ ಕತೆಯೂ ಅದೇ. ನಾಯಕರು ಕಿಡಿ ಕಾರುತ್ತಾರೆ, ಅಲ್ಲಿ ಕರ್ತೃ ಗಟ್ಟಿಯಾಗಿ ಕೂತಿದ್ದಾನೆ. ತಂತಿಯ ಕಿಡಿಯಾದರೋ ಹಾರುತ್ತದೆ, ಬೀಳುತ್ತದೆ, ತಗುಲುತ್ತದೆ. ಹಕ್ಕಿಯ ಹಾಗೆ ಎಲ್ಲಿಂದಲೋ ಬಂದು ಕೂತುಬಿಡುತ್ತದೆ. ಯಾವ ತಂತಿ, ಯಾವ ಕಂಬ, ಯಾವಾಗ ಎಳೆದದ್ದು, ಯಾರು ನೋಡಿಕೊಳ್ಳಬೇಕಾದದ್ದು ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ‘ಶಾರ್ಟ್ ಸರ್ಕ್ಯೂಟ್’ ಎಂಬ ಪದವನ್ನೂ ನಾವು ಹೀಗೆಯೇ ಬಳಸುತ್ತೇವೆ. ಅದೊಂದು ಕಾರಣ ಎಂಬಂತೆ. ನಿಜವಾಗಿ ಅಲ್ಲಿಂದಲೇ ಪ್ರಶ್ನೆ ಶುರುವಾಗಬೇಕು. ಹಳೆಯ ತಂತಿಯೇ, ಹೊರಲಾರದಷ್ಟು ಹೊರೆಯೇ, ಫ್ಯೂಸಿನ ಬದಲು ದಪ್ಪ ತಂತಿ ಸುತ್ತಿಟ್ಟಿದ್ದರೇ? ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಎನ್ನುವುದು ಜ್ವರದಿಂದ ಮೈ ಬಿಸಿ ಎಂದ ಹಾಗೆ.

ಇದರ ಮೇಲೆ ಎರಡು ಪದಗಳ ಮೊಹರು ಬೀಳುತ್ತದೆ. ಒಂದು ‘ಆಕಸ್ಮಿಕ’. ಬೆಂಕಿ ಆರುವ ಮೊದಲೇ, ಯಾರೂ ಹೋಗಿ ನೋಡುವ ಮೊದಲೇ, ಅದು ಆಕಸ್ಮಿಕ ಎಂದು ಶೀರ್ಷಿಕೆಯಲ್ಲಿ ತೀರ್ಮಾನವಾಗಿರುತ್ತದೆ. ‘ಬೆಂಕಿ ಆಕಸ್ಮಿಕ’ ಎಂಬುದು ಒಂದೇ ಪದವೇನೋ ಎಂಬಂತೆ ಅಂಟಿಕೊಂಡಿದೆ. ಇನ್ನೊಂದು ‘ಆಹುತಿ’. ಆಹುತಿಯೆಂದರೆ ಹೋಮದಲ್ಲಿ ಅಗ್ನಿಗೆ ಅರ್ಪಿಸುವ ಹವಿಸ್ಸು. ಕೊಡುವವನೊಬ್ಬ, ಪಡೆಯುವ ದೇವತೆಯೊಬ್ಬ, ಅದಕ್ಕೊಂದು ಫಲ, ಇಷ್ಟೂ ಆ ಪದದಲ್ಲಿದೆ. ‘ಮೂರು ಎಕರೆ ಕಬ್ಬು ಬೆಂಕಿಗಾಹುತಿ’ ಎಂದಾಗ ಯಾರು ಅರ್ಪಿಸಿದರು, ಯಾವ ಫಲಕ್ಕಾಗಿ? ಒಂದು ವಿಚಿತ್ರ ಇಲ್ಲಿದೆ. ಮಾತಿನ ಬೆಂಕಿಗೆ ನಾವು ಒಲೆಯ ಪಕ್ಕದ ಪದಗಳನ್ನು ಬಳಸುತ್ತೇವೆ: ಕಿಡಿ, ಕೆಂಡ, ಭುಗಿಲು. ನಿಜವಾದ ಬೆಂಕಿಗೆ ಯಜ್ಞಶಾಲೆಯ ಪದಗಳನ್ನು: ಆಹುತಿ, ಭಸ್ಮ, ಅಗ್ನಿ ಅವಘಡ. ಸುಟ್ಟುಕೊಳ್ಳದವರಿಗೆ ಸುಡುವ ಪದ, ಸುಟ್ಟುಕೊಂಡವರಿಗೆ ದೂರದ ಪದ.

ನನ್ನ ತಪ್ಪೊಪ್ಪಿಗೆ ಈ ಚಿಕ್ಕ ರಾಶಿಗೆ ಸೇರಿದ್ದು.

ನಾನು ಡೆಸ್ಕಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಊರಿನಲ್ಲಿ ನನ್ನ ಚಿಕ್ಕಪ್ಪನ ರಾಗಿ ಹುಲ್ಲಿನ ಮೆದೆ ಸುಟ್ಟುಹೋಯಿತು. ನಮ್ಮ ಕಡೆ ಅದಕ್ಕೆ ಮೆದೆ ಎನ್ನುತ್ತಾರೆ, ಪತ್ರಿಕೆಯಲ್ಲಿ ಬಣವೆ ಎಂದು ಬರುತ್ತದೆ. ಕಣದ ಮೇಲೆ ಹಾದುಹೋಗಿದ್ದ ಕರೆಂಟಿನ ತಂತಿಗಳು ಜೋತುಬಿದ್ದಿದ್ದವು. ಗಾಳಿ ಬಂದರೆ ಒಂದಕ್ಕೊಂದು ತಾಕಿ ಕಿಡಿ ಉದುರುತ್ತಿತ್ತು. ಬಿಗಿಸಿಕೊಡಿ ಎಂದು ಚಿಕ್ಕಪ್ಪ ಲೈನ್‌ಮನ್‌ಗೆ ಎರಡು ಸಲ ಹೇಳಿದ್ದ, ಒಂದು ಸಲ ಕಚೇರಿಗೆ ಅರ್ಜಿಯನ್ನೂ ಕೊಟ್ಟಿದ್ದ. ಮೆದೆ ಸುಟ್ಟ ದಿನ ಫೋನು ಮಾಡಿ, “ಪೇಪರಲ್ಲಿ ಒಂದ್ ಹಾಕ್ಸಪ್ಪ, ಅರ್ಜಿ ಜೊತೇಲಿ ಇಡಕ್ಕೆ ಆಯ್ತದೆ” ಎಂದ.

ತಾಲ್ಲೂಕಿನ ನಮ್ಮ ಅರೆಕಾಲಿಕ ವರದಿಗಾರ ಸುದ್ದಿ ಕಳಿಸಿದ. ಒಳ್ಳೆಯ ವರದಿ. ತಂತಿ ಜೋತುಬಿದ್ದದ್ದು, ಎರಡು ಸಲ ಹೇಳಿದ್ದು, ಅರ್ಜಿ ಕೊಟ್ಟದ್ದು ಎಲ್ಲವೂ ಇತ್ತು. ಆದರೆ ಕೊನೆಯ ಎರಡು ಸಾಲಿನಲ್ಲಿತ್ತು. ಆ ರಾತ್ರಿ ಪುಟಕ್ಕೆ ಕೊನೇ ಗಳಿಗೆಯಲ್ಲಿ ಒಂದು ಜಾಹೀರಾತು ಬಂತು. ಸಿಂಗಲ್ ಕಾಲಂ ಸುದ್ದಿಗಳನ್ನೆಲ್ಲ ಕೆಳಗಿನಿಂದ ಕತ್ತರಿಸುತ್ತಾ ಬಂದೆ, ಡೆಸ್ಕಿನ ರೂಢಿಯೇ ಅದು. ಚಿಕ್ಕಪ್ಪನ ಸುದ್ದಿ ನಾಲ್ಕು ಸಾಲು ಉಳಿಯಿತು. ವಿದ್ಯುತ್ ಕಿಡಿ ತಗುಲಿ ಆಕಸ್ಮಿಕವಾಗಿ ಬೆಂಕಿ ಹೊತ್ತಿಕೊಂಡು ಬಣವೆ ಭಸ್ಮವಾಗಿದೆ, ಅಗ್ನಿಶಾಮಕ ಸಿಬ್ಬಂದಿ ಬೆಂಕಿ ನಂದಿಸಿದ್ದಾರೆ. ‘ಆಕಸ್ಮಿಕವಾಗಿ’ ಎಂಬುದು ವರದಿಗಾರ ಬರೆದದ್ದಲ್ಲ. ವಾಕ್ಯ ಸರಾಗವಾಗಲಿ ಎಂದು ನಾನು ಸೇರಿಸಿದ್ದು. ಅದೇ ಪುಟದ ಮೇಲ್ಭಾಗದಲ್ಲಿ ಮೂರು ಕಾಲಂ ಅಗಲದಲ್ಲಿ ಒಬ್ಬ ನಾಯಕರ ಕಿಡಿ ಇತ್ತು. ಆ ಶೀರ್ಷಿಕೆಯೂ ನನ್ನದೇ.

ಚಿಕ್ಕಪ್ಪ ಆ ತುಣುಕನ್ನು ಅರ್ಜಿಯ ಜೊತೆ ಪಿನ್ನು ಹೊಡೆದು ಕಚೇರಿಗೆ ಕೊಟ್ಟ. ಅಲ್ಲಿದ್ದವರು ಓದಿ, “ಪೇಪರಲ್ಲೇ ಆಕಸ್ಮಿಕ ಅಂತ ಬಂದದಲ್ಲ ಯಜಮಾನ್ರೇ, ನಮ್ದೇನದೆ ಇದ್ರಲ್ಲಿ?” ಎಂದರಂತೆ. ಒಂದು ಪದದಿಂದಲೇ ಪರಿಹಾರ ತಪ್ಪಿತು ಎಂದು ನಾನು ಹೇಳುವುದಿಲ್ಲ. ಮಹಜರು, ದಾಖಲೆ, ಓಡಾಟ ಎಂದು ಅದಕ್ಕೆ ನೂರೆಂಟು ದಾರಿಗಳಿವೆ. ಆದರೆ ಆ ಪದ ಅವರ ಕೈಗೆ ಸಿಕ್ಕಿದ್ದು ನನ್ನಿಂದ. ಮನೆಗೆ ಬಂದ ಚಿಕ್ಕಪ್ಪ, “ಹೋಗ್ಲಿ ಬುಡು, ಪೇಪರ್ನೋರು ಏನೋ ಒಂದ್ ಬರೀತರೆ” ಎಂದ. ಆ ಪೇಪರಿನವನು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಆ ಬೇಸಿಗೆ ಮುಗಿಯುವ ಮೊದಲು ಮೇವಿಲ್ಲದೆ ಅವನು ಒಂದು ಜೊತೆ ಎತ್ತು ಮಾರಿದ.

ಎರಡು ರಾಶಿಯ ನಡುವೆ ನಮ್ಮ ಮೇಜಿನ ಮೇಲೆ ಮೂರನೆಯದೊಂದು ಹುಟ್ಟಿಕೊಂಡಿತ್ತು. ಅಲ್ಲಿದ್ದ ಪದ ‘ಕಿಡಿಗೇಡಿ’. ವಿದ್ಯಾರ್ಥಿಗಳು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಡುವೆ ಇಟ್ಟಿದ್ದರು. ಕಿಡಿಗೇಡಿಗಳಿಂದ ಬಸ್ಸಿಗೆ ಬೆಂಕಿ, ಕಿಡಿಗೇಡಿಗಳಿಂದ ಫಲಕಕ್ಕೆ ಮಸಿ, ಗುಡ್ಡಕ್ಕೆ ಬೆಂಕಿಯಿಟ್ಟ ಕಿಡಿಗೇಡಿಗಳು. ಮನೆಮಾತಿನಲ್ಲಿ ಕಿಡಿಗೇಡಿ ಎಂದರೆ ಕಿತಾಪತಿ ಮಾಡುವ ತುಂಟ ಹುಡುಗನೂ ಆಗಬಹುದು. ಪತ್ರಿಕೆಯಲ್ಲಿ ಮಾತ್ರ ಅವನಿಗೆ ಮುಖವಿಲ್ಲ, ಊರಿಲ್ಲ, ಯಾವಾಗಲೂ ಬಹುವಚನದಲ್ಲಿ ಇರುತ್ತಾನೆ. ಇಲ್ಲಿ ಕಿಡಿಗೆ ಒಬ್ಬ ಒಡೆಯ ಇದ್ದಾನೆ, ಆದರೆ ಅವನಿಗೆ ಹೆಸರಿಲ್ಲ.

2016ರ ಸೆಪ್ಟೆಂಬರ್ 12ನ್ನು ನೆನಪಿಸಿಕೊಳ್ಳಿ. ಕಾವೇರಿ ನೀರು ಬಿಡುವ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದ ದಿನ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ವಾಹನಗಳಿಗೆ ಬೆಂಕಿ ಬಿತ್ತು. ಒಂದು ಖಾಸಗಿ ಸಂಸ್ಥೆಯ ಡಿಪೋದಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳು ಸುಟ್ಟು ಅಸ್ಥಿಪಂಜರದ ಹಾಗೆ ಉಳಿದವು. ನಗರದ ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಬೇಕಾಯಿತು. ಕಾವೇರಿ ಗಲಾಟೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲೂ ಟಿವಿಗಳಲ್ಲೂ ‘ಕಾವೇರಿ ಕಿಚ್ಚು’, ‘ಹೊತ್ತಿ ಉರಿದ ಕರುನಾಡು’ ಎಂಬ ತಲೆಬರಹಗಳು ಸಿದ್ಧವಾಗಿಯೇ ಇರುತ್ತವೆ. ಬಸ್ಸು ಸುಡುವ ಮೊದಲು ಅವು ರೂಪಕ, ಸುಟ್ಟ ಮೇಲೆ ವರದಿ. ನಡುವೆ ಎಲ್ಲೋ ಒಂದು ಗೆರೆ ದಾಟಿದೆ, ಆದರೆ ಪದ ಬದಲಾಗಿಲ್ಲವಾದ್ದರಿಂದ ದಾಟಿದ್ದು ಕಾಣುವುದಿಲ್ಲ. ಹೋರಾಟದ ಕಿಚ್ಚನ್ನು ಹೊಗಳಿದ ಪುಟ, ಬೆಂಕಿ ಬಿದ್ದ ಮರುಗಳಿಗೆಯಲ್ಲಿ ಅದು ಕಿಡಿಗೇಡಿಗಳ ಕೆಲಸ ಎಂದು ಕೈ ತೊಳೆದುಕೊಳ್ಳುತ್ತದೆ. ಕಿಚ್ಚಿಗೂ ಕಿಡಿಗೇಡಿಗೂ ಸಂಬಂಧವೇ ಇಲ್ಲ ಎಂಬಂತೆ.

ಇಷ್ಟು ಹೇಳಿದ ಮೇಲೆ ಪತ್ರಿಕೆಗಳಿಗೆ ಬೇರೆ ಥರ ಬರೆಯಲು ಬರುವುದೇ ಇಲ್ಲ ಎಂದು ಯಾರೂ ತಿಳಿಯಬಾರದು. ಬರುತ್ತದೆ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಅದು ಗೊತ್ತಾಯಿತು. 2015ರಲ್ಲಿ ಅಲ್ಲಿ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಮತ್ತೂ ಒಮ್ಮೆ ಕೆರೆ ಹೊಗೆಯಾಡಿತು. ಆ ಸಲ ನಂದಿಸಲು ಸೇನೆಯ ಯೋಧರೂ ಇಳಿಯಬೇಕಾಯಿತು. ‘ಕೆರೆಗೆ ಬೆಂಕಿ’ ಎಂಬ ಎರಡು ಪದ ಬೇರೆ ಯಾವ ಕಾಲದಲ್ಲಾದರೂ ಒಗಟಿನಂತೆ ಕೇಳಿಸುತ್ತಿತ್ತು. ಕಡಲಿನೊಳಗೆ ಉರಿಯುವ ಬಡಬಾಗ್ನಿಯನ್ನು ನಮ್ಮ ಕಾವ್ಯಗಳು ಕಲ್ಪಿಸಿದ್ದವು, ಊರ ಕೆರೆ ಉರಿಯುವುದನ್ನು ಯಾರೂ ಕಲ್ಪಿಸಿರಲಿಲ್ಲ.

ಆಗ ಪತ್ರಿಕೆಗಳು ಏನು ಮಾಡಿದವು? ಕೈಗೆ ಸಿದ್ಧಪದಗಳು ಸಿಗಲಿಲ್ಲ. ನೀರು ಹೇಗೆ ಉರಿಯಿತು ಎಂದು ಓದುಗ ಕೇಳುತ್ತಿದ್ದ, ಉತ್ತರ ಹೇಳಲೇಬೇಕಿತ್ತು. ಹಾಗಾಗಿ ಸಂಸ್ಕರಣೆಯಾಗದ ಕೊಳಚೆ ನೀರು ಎಲ್ಲಿಂದ ಬರುತ್ತದೆ, ನೊರೆ ಹೇಗೆ ಏಳುತ್ತದೆ, ದಡದ ಕಳೆ ಮತ್ತು ಕಸ ಹೇಗೆ ಒಣಗಿ ಉರುವಲಾಗುತ್ತದೆ, ಕೆರೆಯ ಹೊಣೆ ಯಾವ ಯಾವ ಸಂಸ್ಥೆಗಳ ನಡುವೆ ಹಂಚಿಹೋಗಿದೆ ಎಂದು ವರದಿಗಾರರು ಬಿಡಿಸಿ ಬಿಡಿಸಿ ಬರೆದರು. ವಿಷಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಬಂತು. ಆ ವರದಿಗಳ ಕನ್ನಡ ಸರಳವಾಗಿತ್ತು, ವಾಕ್ಯಗಳಿಗೆ ಕರ್ತೃ ಇತ್ತು. ಆಶ್ಚರ್ಯ ಎಂಬುದು ಪತ್ರಿಕಾ ಭಾಷೆಗೆ ಒಳ್ಳೆಯ ಔಷಧ ಎಂದು ನನಗೆ ಆಗ ಅನ್ನಿಸಿತು. ಬಣವೆ ಸುಡುವುದು ಯಾರಿಗೂ ಆಶ್ಚರ್ಯವಲ್ಲವಾದ್ದರಿಂದ ಅದಕ್ಕೆ ಹಳೆಯ ನಾಲ್ಕು ಸಾಲೇ ಗತಿ.

ಕಾಡಿನ ಬೆಂಕಿಯ ವಿಷಯದಲ್ಲಿ ಈ ಬದಲಾವಣೆ ಅರ್ಧ ಆಗಿದೆ. ‘ಕಾಡ್ಗಿಚ್ಚು’ ಎಂಬ ಪದಕ್ಕೆ ತಾನಾಗಿ ಹುಟ್ಟಿದ ಬೆಂಕಿಯ ಧ್ವನಿಯಿದೆ, ಬಿದಿರಿಗೆ ಬಿದಿರು ಉಜ್ಜಿ ಹೊತ್ತಿಕೊಂಡ ಹಾಗೆ. ನಮ್ಮ ಒಣ ಎಲೆಯುದುರುವ ಕಾಡುಗಳಲ್ಲಿ ಬೇಸಿಗೆಯ ಬೆಂಕಿ ಬಹುಮಟ್ಟಿಗೆ ಮನುಷ್ಯರು ಹಚ್ಚಿದ್ದೇ ಎಂದು ಅರಣ್ಯ ಇಲಾಖೆಯೂ ಹೇಳುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ಪತ್ರಿಕೆಗಳು ಅಷ್ಟಕ್ಕೇ ನಿಲ್ಲದೆ, ಬೆಂಕಿ ರೇಖೆಗಳನ್ನು ಸಕಾಲದಲ್ಲಿ ಮಾಡಿದ್ದರೇ, ಲಂಟಾನ ಎಷ್ಟು ಬೆಳೆದಿತ್ತು ಎಂದೂ ಕೇಳಿದವು. ಶೀರ್ಷಿಕೆಯಲ್ಲಿ ಕಾಡ್ಗಿಚ್ಚು ಉಳಿಯಿತು, ಒಳಗಿನ ವರದಿಯಲ್ಲಿ ‘ಹಚ್ಚಿದ’ ಎಂಬ ಕ್ರಿಯಾಪದ ಮರಳಿ ಬಂತು.

ಒಂದು ಕಿಡಿಯ ಒಡೆಯರನ್ನು ಕೊನೆತನಕ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ದೆಹಲಿಯದು. 1997ರ ಜೂನ್ 13ರಂದು ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿ ಹುಟ್ಟಿದ್ದು ಕಟ್ಟಡದೊಳಗೇ ಇದ್ದ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರಿನಲ್ಲಿ. ಅದನ್ನು ‘ಟ್ರಾನ್ಸ್‌ಫಾರ್ಮರಿನ ಕಿಡಿಯಿಂದ ಆಕಸ್ಮಿಕ’ ಎಂದು ನಾಲ್ಕು ಸಾಲಿನಲ್ಲಿ ಮುಗಿಸಬಹುದಿತ್ತು. ಮಕ್ಕಳನ್ನು ಕಳೆದುಕೊಂಡವರು ಮುಗಿಸಲು ಬಿಡಲಿಲ್ಲ. ಅದೇ ದಿನ ಬೆಳಿಗ್ಗೆಯೇ ಅದರಲ್ಲಿ ಒಮ್ಮೆ ಬೆಂಕಿ ಕಾಣಿಸಿತ್ತು, ಕೇಬಲ್ಲಿನ ತುದಿಯನ್ನು ಕ್ರಿಂಪಿಂಗ್ ಯಂತ್ರದಿಂದ ಕೂರಿಸುವ ಬದಲು ಸುತ್ತಿಗೆಯಿಂದ ಬಡಿದು ದುರಸ್ತಿ ಮಾಡಿದ್ದರು, ಸಡಿಲವಾಗಿ ಉಳಿದ ಆ ಜೋಡಣೆಯೇ ಸಂಜೆ ಕಿಡಿ ಕಾರಿತು ಎಂಬುದು ವಿಚಾರಣೆಯಲ್ಲಿ ಬಯಲಾಯಿತು. 2007ರಲ್ಲಿ ವಿಚಾರಣಾ ನ್ಯಾಯಾಲಯ ಚಿತ್ರಮಂದಿರದ ಮಾಲೀಕರೂ ವಿದ್ಯುತ್ ಮಂಡಳಿಯ ಸಿಬ್ಬಂದಿಯೂ ಸೇರಿದಂತೆ 12 ಜನರನ್ನು ತಪ್ಪಿತಸ್ಥರೆಂದಿತು. ಇಬ್ಬರು ಮಕ್ಕಳನ್ನು ಕಳೆದುಕೊಂಡ ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ದಂಪತಿ ಈ ಹೋರಾಟದ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ಅಗ್ನಿಪರೀಕ್ಷೆ’. ನಮ್ಮ ಪತ್ರಿಕೆಗಳಲ್ಲಿ ಈ ಪದ ವಿಶ್ವಾಸಮತ ಯಾಚನೆಗೂ ಹತ್ತನೇ ತರಗತಿ ಪರೀಕ್ಷೆಗೂ ಮೀಸಲು.

ಇದಕ್ಕೆ ಹಳೆಯ ಸಹೋದ್ಯೋಗಿಗಳು ಒಂದು ಆಕ್ಷೇಪ ಎತ್ತುತ್ತಾರೆಂದು ನನಗೆ ಗೊತ್ತು, ಯಾಕೆಂದರೆ ಹಿಂದೆ ನಾನೇ ಎತ್ತುತ್ತಿದ್ದೆ. ತನಿಖೆಯಾಗದೆ ಇಂಥವರದೇ ತಪ್ಪು ಎಂದು ಬರೆದರೆ ನೋಟಿಸು ಬರುತ್ತದೆ, ಅದಕ್ಕೇ ‘ಹೊತ್ತಿಕೊಂಡಿದೆ’ ಎನ್ನುವುದು ಕ್ಷೇಮ. ಮಾತು ಸರಿ. ಆದರೆ ‘ಆಕಸ್ಮಿಕ’ ಎನ್ನುವುದೂ ತನಿಖೆಯಾಗದೆ ಕೊಟ್ಟ ತೀರ್ಪೇ. ಅದು ಒಂದು ಪಕ್ಷವನ್ನು ಖುಲಾಸೆ ಮಾಡುತ್ತದೆ, ಅಷ್ಟೇ. ಯಾರನ್ನೂ ದೂರದೆಯೂ ಗೊತ್ತಿರುವುದನ್ನು ಹೇಳಬಹುದು. ತಂತಿ ಜೋತುಬಿದ್ದಿತ್ತು ಎಂಬುದು ಆರೋಪವಲ್ಲ, ಕಣದಲ್ಲಿ ನಿಂತು ತಲೆಯೆತ್ತಿದರೆ ಕಾಣುವ ಸಂಗತಿ. ಅರ್ಜಿ ಕೊಟ್ಟಿದ್ದರು ಎಂಬುದಕ್ಕೆ ಕಾಗದವೇ ಇರುತ್ತದೆ.

ಜಾಗವಿಲ್ಲ ಎಂಬ ಮಾತನ್ನೂ ಈಗ ನಾನು ಒಪ್ಪಲಾರೆ. ಮೇಲಿನ ಮೂರು ಕಾಲಮಿನ ಕಿಡಿಯಿಂದ ಎರಡು ಸಾಲು ತೆಗೆದು ಕೆಳಗಿನ ಕಿಡಿಗೆ ಕೊಟ್ಟಿದ್ದರೆ ಆ ನಾಯಕರಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ.

ಮರುದಿನ ತರಗತಿಯಲ್ಲಿ ಈ ಕತೆಯನ್ನೆಲ್ಲ ಹೇಳಿ, ಆ ಹಳೆಯ ಸುದ್ದಿಯನ್ನು ಬೋರ್ಡಿನ ಮೇಲೆ ಬರೆದೆ. ಇದನ್ನು ಇಷ್ಟೇ ಜಾಗದಲ್ಲಿ ಬೇರೆ ಥರ ಬರೆಯಿರಿ, ಗೊತ್ತಿಲ್ಲದ್ದನ್ನು ಸೇರಿಸುವ ಹಾಗಿಲ್ಲ, ಯಾರನ್ನೂ ಬೈಯುವ ಹಾಗಿಲ್ಲ ಎಂದೆ. ಅರ್ಧ ಗಂಟೆ ತೆಗೆದುಕೊಂಡರು. ಯಾರೋ ‘ಬಣವೆ’ ಅಳಿಸಿ ‘ಮೆದೆ’ ಮಾಡಿದರು. ಇನ್ನೊಬ್ಬರು ‘ಭಸ್ಮ’ ತೆಗೆದು ‘ಸುಟ್ಟಿದೆ’ ಎಂದು ಹಾಕಿದರು, ಅದರಿಂದ ಜಾಗವೇನೂ ಉಳಿಯಲಿಲ್ಲ, ಆದರೂ ಹಾಗೆಯೇ ಇರಲಿ ಎಂದರು. ಅಗ್ನಿಶಾಮಕ ಸಿಬ್ಬಂದಿಯ ಸಾಲು ಹೋಯಿತು, ಮೆದೆ ಸುಟ್ಟ ಮೇಲೆ ನಂದಿಸಿದ್ದು ಎಲ್ಲ ಸುದ್ದಿಗಳಲ್ಲೂ ಇರುತ್ತದಲ್ಲ ಎಂದು. ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗಿ ‘ಆಕಸ್ಮಿಕವಾಗಿ’ ಎಂಬ ಪದವನ್ನು ಅಳಿಸಿದಳು. ಕೊನೆಗೆ ಬೋರ್ಡಿನ ಮೇಲೆ ಉಳಿದದ್ದು ಇಷ್ಟು:

ರೈತರೊಬ್ಬರ ಕಣದ ಮೇಲೆ ಜೋತುಬಿದ್ದಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಕಿ ಕಿಡಿ ಬಿದ್ದು, ವರ್ಷದ ಮೇವಾಗಿದ್ದ ರಾಗಿ ಹುಲ್ಲಿನ ಮೆದೆ ಸುಟ್ಟಿದೆ. ತಂತಿ ಬಿಗಿಸುವಂತೆ ಅವರು ಮೊದಲೇ ಅರ್ಜಿ ಕೊಟ್ಟಿದ್ದರು.

ಶೀರ್ಷಿಕೆ ಏನು ಕೊಡೋಣ ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳೇ ಎದ್ದು ಬಂದು ಬರೆದಳು: ‘ಅರ್ಜಿ ಕೊಟ್ಟರೂ ಬಿಗಿಸದ ತಂತಿ’. ಸಿಂಗಲ್ ಕಾಲಮಿನಲ್ಲಿ ಎರಡು ಸಾಲಿಗೆ ಸರಿಯಾಗಿ ಕೂರುತ್ತದೆ. ನಾನು ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದೇನೆ. ಈ ಸಲ ಊರಿಗೆ ಹೋದಾಗ ಚಿಕ್ಕಪ್ಪನಿಗೆ ತೋರಿಸಬೇಕು, ಅವತ್ತು ಹೇಳದೆ ಉಳಿಸಿಕೊಂಡದ್ದನ್ನೂ ಹೇಳಬೇಕು.